ಬಣ್ಣ ತೊಳೆದ ಫೌಜು

ಅಣ್ಣ ತೀರಿಕೊಂಡ ಮೂರನೆಯ ದಿನ ಬೆಳಿಗ್ಗೆ ಮಂಠಾಳದ ನಮ್ಮ ಸೋದರತ್ತೆ ಅವನ ಸೈನಿಕರನ್ನೆಲ್ಲ ಬಕೆಟ್ಟಿನಲ್ಲಿ ನೆನೆಹಾಕಿದರು. ಬಿಸಿನೀರು, ಸೋಪಿನ ಪುಡಿ, ಒಂದು ಹಿಡಿ ವಾಷಿಂಗ್ ಸೋಡಾ. ಆಮೇಲೆ ಹಿತ್ತಲಿನ ಕಲ್ಲಿನ ಮೇಲೆ ಕೂತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಬ್ಬೊಬ್ಬರನ್ನೇ ತಿಕ್ಕಿದರು. ನಾನು ಹಿತ್ತಲಿಗೆ ಹೋಗುವಷ್ಟರಲ್ಲಿ ಕೆಂಪು, ನೀಲಿ, ಹಸಿರು ಎಲ್ಲ ಕಲಸಿ ಬಕೆಟ್ಟಿನ ನೀರು ಕೆಸರಾಗಿತ್ತು.

ದುಃಖಕ್ಕೆ ಅತ್ತರೆ ಜನ ಒಪ್ಪುತ್ತಾರೆ, ಹಿಡಿದು ಕೂರಿಸುತ್ತಾರೆ, ನೀರು ತಂದು ಕೊಡುತ್ತಾರೆ. ನಾನು ಕೂಗಿದ್ದು ಸಿಟ್ಟಿಗೆ. ಅದಕ್ಕೆ ಯಾರೂ ನೀರು ತರಲಿಲ್ಲ. "ಆಟದ ಗೊಂಬಿ ಸಲುವಾಗಿ ಹಿಂಗ ಒದರ್ತಾಳಲ್ಲ" ಎಂದರು. ಆ ಮಾತಿಗೆ ಉತ್ತರ ಈಗ ಕೊಡುತ್ತಿದ್ದೇನೆ.

ನಾನು ಹತ್ತನೆಯ ತರಗತಿವರೆಗೆ ಓದಿದವಳು. ಮದುವೆಯಾಗಿ ಹುಮನಾಬಾದಿಗೆ ಬಂದೆ. ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತೇನೆ, ಸೀರೆಯ ಮೇಲೆ ಹೂ ಬರೆಯುತ್ತೇನೆ. ಅಣ್ಣ ಬಸವಕಲ್ಯಾಣದಲ್ಲೇ ಉಳಿದ. ಅಲ್ಲಿ ಒಂದು ಫ್ಲೆಕ್ಸ್ ಬ್ಯಾನರ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುತ್ತಿದ್ದ. ಲೀಡರುಗಳ ಹುಟ್ಟುಹಬ್ಬ, ಮದುವೆ, ಶ್ರದ್ಧಾಂಜಲಿ, ಎಲ್ಲವೂ ಅವನ ಕೈಯಿಂದಲೇ ದಾಟಿ ಚೌಕಕ್ಕೆ ಹೋಗಬೇಕು. ಕೆಲಸ ಮುಗಿದ ಮೇಲೆ ಅವನಿಗೆ ಬೇಕಾದದ್ದು ಒಂದೇ, ಆಟ.

ಈ ಹುಚ್ಚು ಶುರುವಾದದ್ದು ನನ್ನಿಂದ ಎಂದು ಅವನು ಹೇಳುತ್ತಿದ್ದ. ನಾವು ಚಿಕ್ಕವರಿದ್ದಾಗ ಓಣಿಯ ತುದಿಯಲ್ಲಿ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಟಿವಿಗೆ ಸಿಕ್ಕಿಸಿದ ಡಬ್ಬಿ, ಹಳದಿ ಕ್ಯಾಸೆಟ್ಟು, ಬೆಂಚಿನ ತುಂಬ ಗಂಡುಹುಡುಗರು. ಹುಡುಗಿಯರು ಅದರ ಬಾಗಿಲಿಗೂ ಹೋಗುವಂತಿರಲಿಲ್ಲ. ಅಣ್ಣ ಆಡಿ ಬಂದು, ಅಲ್ಲಿ ಕಂಡದ್ದನ್ನು ನಮ್ಮ ಪಡಸಾಲೆಯ ಫರ್ಶಿಯ ಮೇಲೆ ಇದ್ದಲಿನಿಂದ ಬರೆಯುತ್ತಿದ್ದ. ಇಲ್ಲಿ ಗೋಡೆ, ಇಲ್ಲಿ ಕುಣಿ, ಇಲ್ಲಿ ವೈರಿ. ನಾನೊಂದು ಹುಣಸೆಬೀಜ. ಅವನೇ ಟಿವಿ, ಅವನೇ ವೈರಿ, ಗುಂಡಿನ ಸಪ್ಪಳವೂ ಅವನ ಬಾಯಿಂದಲೇ. ನಾನು ಸತ್ತರೆ "ಇನ್ನೊಂದು ಜಾನ್ ಅದ ನಿಂದು, ಏಳು" ಎನ್ನುತ್ತಿದ್ದ. ಅವ್ವ ಬಂದು ನೆಲ ಒರೆಸಿದರೆ ಮರುದಿನ ಮತ್ತೆ ಬರೆಯುತ್ತಿದ್ದ.

ರಜೆಯಲ್ಲಿ ಕೋಟೆಗೆ ಹೋಗುತ್ತಿದ್ದೆವು. ಒಳಗೆ ಒಂದು ಹಾಸುಗಲ್ಲಿನ ಮೇಲೆ ಹುಲಿ-ಕುರಿ ಆಟದ ಗೆರೆಗಳಿದ್ದವು. ಯಾವ ಕಾಲದ ಕಾವಲುಗಾರರು ಕೆತ್ತಿದ್ದೋ.

"ಕಾವಲು ಬಿಟ್ಟು ಆಟ ಆಡ್ಯಾರ ನೋಡ್ ಮಕ್ಳು" ಎಂದು ಅಣ್ಣ ನಕ್ಕಿದ್ದ. "ಅದಕ್ಕೇ ಖಿಲ್ಲಾ ಕೈಬಿಟ್ಟು ಹೋಗ್ಯದ."

ದೊಡ್ಡವನಾದ ಮೇಲೆ, ಬೇರೆ ದೇಶದವರು ಮೇಜಿನ ಮೇಲೆ ಪುಟ್ಟ ಪುಟ್ಟ ಸೈನಿಕರನ್ನು ನಿಲ್ಲಿಸಿ ಯುದ್ಧ ಆಡುವುದನ್ನು ಮೊಬೈಲಿನಲ್ಲಿ ನೋಡಿದ. ಆ ಸೈನಿಕರನ್ನು ಕೊಳ್ಳುವ ಮಾತೇ ಇರಲಿಲ್ಲ. ತಾನೇ ಮಾಡಿದ. ವೈರಿನೊಳಗಿನ ತಾಮ್ರದ ಎಳೆಯನ್ನು ಬಗ್ಗಿಸಿ ಕೈಕಾಲು. ನಲ್ಲಿಯ ಪೈಪು ಸೋರಿದರೆ ಮೆತ್ತುವ ಲಪ್ಪ ಇರುತ್ತದಲ್ಲ, ಅದನ್ನು ಮೆತ್ತಿ ಮೈ. ಕಿರುಬೆರಳಿನ ಅರ್ಧದಷ್ಟು ಎತ್ತರದ ಕಾಲಾಳು ಪ್ಯಾದೆಗಳು, ಸವಾರರು, ತೋಪುಗಳು, ಒಂದು ಆನೆ. ಟಿವಿಯ ಡಬ್ಬದೊಳಗಿನ ಥರ್ಮಾಕೋಲು ಕೊರೆದು ನಮ್ಮ ಕೋಟೆಯಂಥ ಕೋಟೆ. ಸೀರೆಗೆ ಹಚ್ಚುವ ಬಣ್ಣದ ಬಾಟಲಿಗಳನ್ನು ನಾನೇ ಕೊಟ್ಟಿದ್ದೆ. ಬ್ಲೌಸ್ ಪೀಸಿನ ಚೂರುಗಳಿಂದ ಅವರ ಬಾವುಟ, ಝೇಂಡಾಗಳನ್ನೂ ನಾನೇ ಹೊಲಿದಿದ್ದೆ. ಬಟ್ಟೆಯ ಮೇಲಾದರೆ ಗಟ್ಟಿಯಾಗಿ ಕೂರುವ ಬಣ್ಣ ಅದು. ಲಪ್ಪದ ಮೇಲೆ ಅದರ ಹಿಡಿತ ಕಡಿಮೆ.

ಮೈದಾನಕ್ಕೆ ತಪ್ಪಾಗಿ ಅಚ್ಚಾದ ಬ್ಯಾನರು. ಒಂದು ಅಕ್ಷರ ತಪ್ಪಿದರೂ ಲೀಡರುಗಳು ಬ್ಯಾನರು ವಾಪಸು ಮಾಡುತ್ತಾರೆ. ಅಣ್ಣ ಅದನ್ನು ಮನೆಗೆ ತಂದು ಬೋರಲು ಹಾಕುತ್ತಿದ್ದ. ಬಿಳಿಯ ಬೆನ್ನಿನ ಮೇಲೆ ಜೇನುಗೂಡಿನಂತೆ ಆರು ಮೂಲೆಯ ಮನೆಗಳನ್ನು ಬರೆದು, ಹೊಳೆ, ಹೊಲ, ದಿಬ್ಬ ತೀಡುತ್ತಿದ್ದ. ನಮ್ಮ ಯುದ್ಧಗಳೆಲ್ಲ ಯಾರದೋ ನಗುಮುಖದ ಬೆನ್ನಿನ ಮೇಲೆ ನಡೆದವು.

ಆಟ ಕಠಿಣವೇನಲ್ಲ. ಅವನೊಮ್ಮೆ, ನಾನೊಮ್ಮೆ, ಪಾಳಿ. ನಮ್ಮ ಪಾಳಿಯಲ್ಲಿ ನಮ್ಮ ಜನರನ್ನು ಮುಂದೆ ಸರಿಸಬೇಕು. ಪೆಟ್ಟು ತಗುಲಿತೋ ಇಲ್ಲವೋ ದಾಳ ಹೇಳುತ್ತದೆ. ಕೋಟೆ ನನ್ನದು, ಮುತ್ತಿಗೆ ಅವನದು. ಅವನ ನಿಯಮಗಳು ಮಾತ್ರ ಬಿಗಿ. ಅದರಲ್ಲಿ ಒಂದನ್ನು ಎಂದೂ ಸಡಿಲಿಸಲಿಲ್ಲ: ಬಣ್ಣ ಹಚ್ಚದ ಸಿಪಾಯಿ ಮೈದಾನಕ್ಕೆ ಇಳಿಯುವಂತಿಲ್ಲ. ಅವಸರಕ್ಕೆ ಒಬ್ಬನನ್ನು ಹಾಗೇ ಇಟ್ಟರೆ ಎತ್ತಿ ನನ್ನ ಕೈಗೆ ಕೊಡುತ್ತಿದ್ದ.

"ಬತ್ತಲೆ ಮಂದೀನ ಲಡಾಯಿಗೆ ಕಳಸ್ತಿಯೇನ್? ನಾಚಿಕಿಲ್ಲ ನಿನಗ?"

ಬಣ್ಣವೆಲ್ಲ ಮುಗಿದ ಮೇಲೆ ಕೊನೆಯ ಕೆಲಸ ಒಂದಿತ್ತು. ಜರಡಿ ಹಿಡಿದ ಮಣ್ಣನ್ನು ತುಸು ಅಂಟಿನಲ್ಲಿ ಕಲಸಿ ಪ್ರತಿಯೊಬ್ಬನ ಕಾಲಿಗೂ ಬಳಿಯುತ್ತಿದ್ದ. ದಂಡಿನಲ್ಲಿ ನಡೆದು ಬಂದವರ ಕಾಲು ಸ್ವಚ್ಛ ಇರುತ್ತವೆಯೇ ಎನ್ನುತ್ತಿದ್ದ. ಅವನ ಫೌಜಿಗೆ ಕಲ್ಯಾಣದ ಕರಿಮಣ್ಣು. ನನ್ನದಕ್ಕೆ ನಾನು ಹುಮನಾಬಾದಿನಿಂದ ಚೀಟಿಯಲ್ಲಿ ಕಟ್ಟಿಕೊಂಡು ಬಂದ ಕೆಂಪುಮಣ್ಣು.

ಭಾನುವಾರ ಮನೆಗೆಲಸ ಮುಗಿಸಿ ಬಸ್ಸು ಹತ್ತುತ್ತಿದ್ದೆ. ದಾರಿಯಲ್ಲಿ ರಾಜೇಶ್ವರ ಊರು ದಾಟುವಾಗಲೇ ತಲೆಯಲ್ಲಿ ಯುದ್ಧ ಶುರು. ಬಾಗಿಲಲ್ಲಿ ನನ್ನನ್ನು ಕಂಡೊಡನೆ ಅಣ್ಣ ಒಳಗೆ ಕೂಗುತ್ತಿದ್ದ: "ಖಿಲ್ಲೇದಾರ್ ಬಾಯಿ ಬಂದ್ಳು, ಚಹಾ ಇಡು!" ಅತ್ತಿಗೆಯನ್ನು ನಾವು ವೈನಿ ಎನ್ನುತ್ತೇವೆ. ವೈನಿ ಚಹಾ ತಂದಿಟ್ಟು, "ಎರಡೂ ಹುಚ್ಚು ಒಂದೇ ತಾಯಿ ಹೊಟ್ಟ್ಯಾಗಿಂದ ಬಂದಾವ್ರಿ" ಎಂದು ಹೋಗುತ್ತಿದ್ದರು. ಮೇಜಿನ ಕಡೆ ನೋಡುತ್ತಲೂ ಇರಲಿಲ್ಲ ಎಂದು ನಾನು ತಿಳಿದಿದ್ದೆ.

ಕೊನೆಯ ಆಟ ಮಳೆಗಾಲದಲ್ಲಿ ಶುರುವಾಗಿ ಚಳಿಗಾಲಕ್ಕೆ ಬಂದಿತ್ತು. ಅಷ್ಟು ದಿನ ಅದು ಮೇಜಿನ ಮೇಲೆ ಇದ್ದಲ್ಲೇ ಇತ್ತು. ನನ್ನ ಹೊರಗೋಡೆ ಬಿದ್ದಿತ್ತು. ಅವನ ಆನೆ ನನ್ನ ದೊಡ್ಡ ಬಾಗಿಲಿಗೆ ಬಂದು ನಿಂತಿತ್ತು. ಮುಂದಿನದು ಅವನ ಪಾಳಿ. ಬಸ್ಸಿಗೆ ಹೊತ್ತಾಗಿ ನಾನು ಎದ್ದೆ.

"ಓಡಿ ಹೊಂಟ್ಯಾ? ಬರೂ ಐತವಾರ ನಿನ್ನ ದರವಾಜಾ ಮುರೀತೀನಿ, ಬರ್ಕೊ."

"ಆನಿಗೆ ಮೊದ್ಲ ಹೊಟ್ಟಿಗಿ ಹಾಕು. ಸೊರಗ್ಯದ" ಎಂದೆ.

ಆ ಭಾನುವಾರ ಬರುವ ಮೊದಲೇ ಅವನು ಅಂಗಡಿಯ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟ. ಎದೆ ಹಿಡಿದುಕೊಂಡನಂತೆ, ಅಷ್ಟೇ. ಹಾರ್ಟ್ ಎಂದರು.

ಮಣ್ಣು ಕೊಟ್ಟು ಬಂದೆವು. ಅವತ್ತು ಸಂಜೆಯೇ ಮಾತು ಹುಟ್ಟಿತು. "ಕೂತ್ ಕೂತ್ ಬರೇ ಆಟಾನೇ ಆಡ್ತಿದ್ದಾ. ಎದಿ ಏನ್ ಮಾಡ್ತದ ಪಾಪ." ಇನ್ನೊಬ್ಬರು: "ಇಷ್ಟ್ ದೊಡ್ಡಂವ ಆಗಿ ಗೊಂಬಿ ಆಡೂದಂದ್ರ ಏನರೀ." ಹಗಲಿಡೀ ಕಂಪ್ಯೂಟರ್ ಮುಂದೆ ಕೂತು ಇವರ ಮಕ್ಕಳ ಮದುವೆ ಬ್ಯಾನರು ಮಾಡಿದ್ದಕ್ಕೆ ಎದೆಗೆ ಏನೂ ಆಗಲಿಲ್ಲ. ಭಾನುವಾರ ತಂಗಿಯ ಜೊತೆ ನಿಂತುಕೊಂಡು ಆಡಿದ್ದಕ್ಕೆ ಆಯಿತು. ನಿಂತುಕೊಂಡು ಎಂದೆ, ಏಕೆಂದರೆ ಅವನು ಆಡುವಾಗ ಎಂದೂ ಕೂರುತ್ತಿರಲಿಲ್ಲ, ಮೇಜಿನ ಸುತ್ತ ಸುತ್ತುತ್ತಿದ್ದ. ಇದನ್ನು ಯಾರಿಗೆ ಹೇಳುವುದು? ಅವನು ಆಡುವುದನ್ನು ಬಂದು ನೋಡಿದವರು ಅವರಲ್ಲಿ ಒಬ್ಬರೂ ಇರಲಿಲ್ಲ.

ಮರುದಿನ ಚೌಕದಲ್ಲಿ ಬ್ಯಾನರು ಎದ್ದಿತು. ಭಾವಪೂರ್ಣ ಶ್ರದ್ಧಾಂಜಲಿ. ಮಾಡಿಸಿದವರು ನಮ್ಮ ಕಾಕಾ, ಅಪ್ಪನ ತಮ್ಮ; ಅಪ್ಪ, ಅವ್ವ ತೀರಿದ ಮೇಲೆ ಮನೆಗೆ ಅವರೇ ಹಿರಿಯರು. ಫೋಟೋದಲ್ಲಿ ಅಣ್ಣನಿಗೆ ಕೋಟು, ಕೆಂಪು ಟೈ. ಸತ್ತವರ ಫೋಟೋಕ್ಕೆ ಕಂಪ್ಯೂಟರಿನಲ್ಲಿ ಕೋಟು ತೊಡಿಸುವುದು ಅಣ್ಣನದೇ ಕೆಲಸವಾಗಿತ್ತು. ನಗುತ್ತಿದ್ದ: "ಮುದುಕ ಜಿಂದಗಿದಾಗ ಅಂಗಿ ಗುಂಡಿ ಹಾಕಿಲ್ಲ, ಈಗ ಟೈ ಕಟ್ಟಾಕತ್ತೇನಿ. ನನಗ ಮಾತ್ರ ಹಾಕಬ್ಯಾಡ್ರಪ್ಪಾ, ಕುತ್ತಿಗಿ ಹಿಸುಕಿದಂಗ ಆಗ್ತದ." ಕಾಕಾಗೆ ಇದನ್ನು ಮೊದಲೇ ಹೇಳಿದ್ದೆ. "ಹಂಗ ಅಂಗಿ ಮ್ಯಾಲ ಹಾಕಿದ್ರ ಮಂದಿ ಏನಂತಾರ" ಎಂದರು. ಕೆಳಗೆ ದುಃಖತಪ್ತರ ಸಾಲು. ಕಾಕಾನ ಹೆಸರು ಎಲ್ಲಕ್ಕಿಂತ ಮೇಲೆ, ಸತ್ತವನ ಹೆಸರಿಗಿಂತ ದಪ್ಪಕ್ಕೆ. ನನ್ನ ಹೆಸರೇ ಇಲ್ಲ. ಹೊರಗೆ ಕೊಟ್ಟ ಹೆಣ್ಣುಮಗಳ ಹೆಸರು ಹಾಕುವ ಪದ್ಧತಿ ಇಲ್ಲವಂತೆ.

ಇನ್ನು ಮೂರನೆಯ ದಿನ. ಸೂತಕವೇ ಇಲ್ಲ ಎಂದು ಸಾರಿದ ಶರಣರ ಊರು ನಮ್ಮದು. ಆ ಮಾತನ್ನು ಅಣ್ಣ ಎಷ್ಟೋ ಬ್ಯಾನರುಗಳ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಿಕೊಟ್ಟಿದ್ದ. ಬ್ಯಾನರು ಚೌಕದಲ್ಲಿ ತೂಗುತ್ತದೆ, ಮನೆಯಲ್ಲಿ ಬಕೆಟ್ಟು ತುಂಬುತ್ತದೆ. ಸತ್ತವನು ಮುಟ್ಟಿದ್ದನ್ನೆಲ್ಲ ತೊಳೆಯಬೇಕು. ಅತ್ತೆ ಹಾಸಿಗೆ ತೊಳೆದರು, ಅಂಗಿ, ಟವೆಲು, ತಾಟು ತೊಳೆದರು. ಆಮೇಲೆ ಮೇಜಿಗೆ ಬಂದರು. ಹೆಣ ಕೂರಿಸಲು ಜಾಗ ಬೇಕೆಂದು ಆ ಮೇಜನ್ನು ಒಳಕೋಣೆಗೆ ಸರಿಸಿದ್ದೆವು. ನಾನೂ ವೈನಿಯೂ ಆಚೆಗೊಬ್ಬರು ಈಚೆಗೊಬ್ಬರು ಹಿಡಿದು, ಒಬ್ಬ ಸಿಪಾಯಿಯೂ ಬೀಳದಂತೆ, ತುಂಬಿದ ಕೊಡ ಸರಿಸಿದ ಹಾಗೆ ಸರಿಸಿದ್ದೆವು. ಆ ಸಿಪಾಯಿಗಳನ್ನೆಲ್ಲ ಅತ್ತೆ ಸೀರೆಯ ಸೆರಗಿಗೆ ಬಾಚಿಕೊಂಡು ಹೋದರು.

"ಏನ್ ಮಾಡಾಕತ್ತೀರಿ ಅತ್ತಿ!" ಎಂದು ಕಿರುಚಿದೆ.

ಅತ್ತೆ ತಲೆ ಎತ್ತಿದರು. ಕಣ್ಣು ಅತ್ತು ಅತ್ತು ಊದಿದ್ದವು. "ಅವ ಮುಟ್ಟಿದ್ ಸಾಮಾನ ಅಲ್ಲೇನವ್ವಾ. ಪಾಪ, ಯಾರೂ ಒರಸಿಲ್ಲ ಇವನ್ನ. ಕಾಲಿಗೆಲ್ಲಾ ಮಣ್ಣ ಹತ್ತಿ ಹೆಂಟಿ ಆಗ್ಯದ ನೋಡು. ತಿಕ್ಕಿ ತಿಕ್ಕಿ ಕೈ ಸೋತ್ವು."

ಅವರ ಅಂಗೈಯಲ್ಲಿ ಒಬ್ಬ ಸವಾರ ಬೂದು ಬಣ್ಣದ ಲಪ್ಪವಾಗಿ ಮಲಗಿದ್ದ. ಮುಖವಿಲ್ಲ. ಅಣ್ಣ ಸೂಜಿಯ ತುದಿಯಿಂದ ಇಟ್ಟ ಕಣ್ಣುಗಳಿಲ್ಲ. ಝೇಂಡಾಗಳು ಬಿಚ್ಚಿ ಬಕೆಟ್ಟಿನ ತಳದಲ್ಲಿದ್ದವು. ನಾನು ಏನು ಕೂಗಿದೆನೋ ಪೂರ್ತಿ ನೆನಪಿಲ್ಲ. ಕೂಗಿದ್ದು ಇಡೀ ಓಣಿಗೆ ಕೇಳಿತು.

ಅಷ್ಟಕ್ಕೇ ಮುಗಿಯಲಿಲ್ಲ. ಮಧ್ಯಾಹ್ನ ಅವನ ಫೋಟೋದ ಮುಂದೆ ಎಡೆ ಇಡುವ ಹೊತ್ತು. ಸತ್ತವನಿಗೆ ಸೇರುತ್ತಿದ್ದದ್ದನ್ನೆಲ್ಲ ಇಡಬೇಕು. "ಅವಂಗ ಏನೇನ್ ಸೇರ್ತಿತ್ತು, ಎಲ್ಲಾ ತರ್ರಿ" ಎಂದರು ಕಾಕಾ. ಹುಗ್ಗಿ, ಭಜಿ, ಚಹಾ ಬಂದವು. ಯಾರೋ ಮೊಬೈಲನ್ನೂ ಇಟ್ಟರು. ನಾನು ಅವನ ದಾಳಗಳನ್ನು ಇಟ್ಟೆ. ಬೇವಿನ ಕಟ್ಟಿಗೆಯಲ್ಲಿ ಅವನೇ ಕೊರೆದವು. ಎಣ್ಣೆ ಕುಡಿದು ಕಪ್ಪಾಗಿದ್ದವು.

"ಏ, ತೆಗಿ ಅದನ್ನ. ಜೂಜಿನ ಸಾಮಾನ ಎಡಿ ಮುಂದ ಇಡ್ತಾರೇನ್?"

"ಜೂಜಲ್ರಿ ಕಾಕಾ, ಆಟದ್ದು."

"ಎಲ್ಲಾ ಒಂದೇ."

"ಒಂದೇ ಇದ್ರ, ದಿನಾ ಸಂಜೀಕ ಬಸ್ ಸ್ಟ್ಯಾಂಡ್ ಹಿಂದ ಇಸ್ಪೀಟ್ ಹಿಡ್ಕೊಂಡು ಕೂಡ್ತೀರಲ್ಲ, ಅದೇನ್ರಿ? ಅಲ್ಲೇನ್ ಪುರಾಣ ಹಚ್ಚೀರೇನ್?"

ಹಿಂದೆ ಯಾರೋ ನಕ್ಕು, ನಗುವನ್ನು ಕೆಮ್ಮಿಗೆ ತಿರುಗಿಸಿದರು. ಕಾಕಾನ ಮುಖ ಕಪ್ಪಿಟ್ಟಿತು. "ಸತ್ತ ಮನ್ಯಾಗ ಆಡೂ ಮಾತೇನ್ ಇದು? ಕೊಟ್ಟ ಹೆಣ್ಮಗಳು, ಎಷ್ಟ್ ಬೇಕೋ ಅಷ್ಟಿರು." ದಾಳಗಳನ್ನು ಎತ್ತಿ ಕಿಟಕಿಯ ಮೇಲಿಟ್ಟರು. ನಾನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಹೊರಗೆ ಬಂದರೆ ಅಂಗಳದಲ್ಲಿ ಊಟದ ಪಂಕ್ತಿ ಕೂತಿತ್ತು. ಹಾಸಲು ಜಮಖಾನೆ ಸಾಲದೆ, ಮೇಜು ಹೇಗೂ ಖಾಲಿಯಾಗಿದೆಯಲ್ಲ ಎಂದು ಮೈದಾನವನ್ನೇ ತಂದು ಹಾಸಿದ್ದರು. ಅಣ್ಣ ಬರೆದ ಹೊಳೆಯ ಮೇಲೆ ಒಬ್ಬರು ಮೊಸರನ್ನ ಕಲಸುತ್ತಿದ್ದರು. ದಿಬ್ಬದ ಮೇಲೆ ಸಾರು ಚೆಲ್ಲಿತ್ತು. ನನ್ನ ದೊಡ್ಡ ಬಾಗಿಲಿದ್ದ ಕಡೆ ಕೂತವರು ಇನ್ನೊಂದು ಭಜಿ ಕೇಳುತ್ತಿದ್ದರು. ಉಣ್ಣುವವರನ್ನು ಎಬ್ಬಿಸಬಾರದೆಂದು ಅವ್ವ ಕಲಿಸಿದ್ದಳು. ಆ ಪಾಠದ ಮೇಲೂ ಅವತ್ತು ನನಗೆ ಸಿಟ್ಟು ಬಂತು.

ತೊಳೆದ ಸೈನಿಕರನ್ನು ಅತ್ತೆ ಬಿಸಿಲಿಗೆ ಒಣಗಿಸಿ, ಒರೆಸಿ, ಬಿಸ್ಕೀಟಿನ ಡಬ್ಬಿಯಲ್ಲಿ ತುಂಬಿ ನನ್ನ ಕೈಗೆ ಕೊಟ್ಟರು. "ಸ್ವಚ್ಛ ಮಾಡೀನಿ ನೋಡ್" ಎಂದರು. ಹುಮನಾಬಾದಿಗೆ ಬರುವ ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲೆ ಗಲಗಲ ಅನ್ನುತ್ತಿತ್ತು. ಬಣ್ಣವಿದ್ದಾಗ ಅವು ಹಾಗೆ ಸಪ್ಪಳ ಮಾಡುತ್ತಿರಲಿಲ್ಲ ಅನ್ನಿಸಿತು.

ನನಗೆ ಬೇಕಾದದ್ದು ದೊಡ್ಡದೇನೂ ಅಲ್ಲ. ಆ ಆಟ ಮುಗಿಯಬೇಕು. ಅವನ ಪಾಳಿಯಲ್ಲಿ ನಿಂತುಹೋದ ಆಟ ಮುಗಿಯಬೇಕು. ಮೈದಾನ ಹೋಯಿತು, ಫೌಜು ಬತ್ತಲೆಯಾಯಿತು, ಯಾರು ಎಲ್ಲಿ ನಿಂತಿದ್ದರೆಂಬುದು ನನಗೂ ಪೂರ್ತಿ ನೆನಪಿರಲಿಲ್ಲ. ಕೋಟೆಯೊಳಗಿನ ನನ್ನವರು ಗೊತ್ತು. ಹೊರಗಿನ ಅವನವರು?

ಕೆಲವು ವಾರಗಳಾದ ಮೇಲೆ ಒಂದು ಭಾನುವಾರ ಮತ್ತೆ ಅದೇ ಬಸ್ಸು ಹತ್ತಿದೆ. ಚೌಕದಲ್ಲಿ ಶ್ರದ್ಧಾಂಜಲಿಯ ಬ್ಯಾನರು ಇನ್ನೂ ಇತ್ತು. ಬಿಸಿಲಿಗೆ ಟೈ ಮಾಸಿತ್ತು, ಒಂದು ಮೂಲೆ ಬಿಚ್ಚಿ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಚೀಲದಲ್ಲಿ ಸೈನಿಕರ ಡಬ್ಬಿಯೂ ಬಟ್ಟೆ ಕತ್ತರಿಸುವ ಕತ್ತರಿಯೂ ಇದ್ದವು. ಪಕ್ಕದ ಚಹಾದಂಗಡಿಯ ಸ್ಟೂಲು ಕೇಳಿ ತಂದು, ಹತ್ತಿ, ಹಗ್ಗ ಕತ್ತರಿಸಿದೆ. ಒಳಗೆ ಚಹಾ ಕುಡಿಯುತ್ತಿದ್ದ ಕಾಕಾ ಓಡಿ ಬಂದರು.

"ಏ, ಏನ್ ಮಾಡಾಕತ್ತಿ? ಇಳಿ ಕೆಳಗ! ಸತ್ತಂವಂದು ಬ್ಯಾನರ ಹರೀತಾರೇನ್?"

"ಹರ್ಯಾಕತ್ತಿಲ್ರಿ, ಒಯ್ಯಾಕತ್ತೇನಿ."

"ಯಾತಕ್ಕ?"

"ಹಿಂದಿನ ಮಗ್ಗಲ ಬೇಕು."

"ಅದ್ರಾಗ ಮನಿ ಹಿರೇರ ಹೆಸರ ಅದಾವು!"

"ಹೆಸರ ಕೆಳಗ ಮುಖಾ ಮಾಡಿ ಮಲಗ್ತಾವ್ರಿ ಕಾಕಾ. ಏನೂ ಆಗಂಗಿಲ್ಲ."

ಮಂದಿ ನೋಡುತ್ತಿದ್ದರು. ಕಾಕಾ ಚಹಾದಂಗಡಿಗೇ ವಾಪಸಾದರು. ನಾನು ಬ್ಯಾನರು ಸುತ್ತಿ ಬಗಲಲ್ಲಿಟ್ಟುಕೊಂಡು ನಡೆದೆ. ಅಷ್ಟು ದಿನಗಳಲ್ಲಿ ಅವತ್ತೊಂದು ದಿನ ನನಗೆ ಉಸಿರು ಸರಿಯಾಗಿ ಆಡಿತು.

ಮನೆಯಲ್ಲಿ ವೈನಿ ಬ್ಯಾನರಿನ ಇನ್ನೊಂದು ತುದಿ ಹಿಡಿದರು. ಕೋಟು ತೊಟ್ಟ ಅಣ್ಣನನ್ನು ಒಮ್ಮೆ ನೋಡಿ, "ಇವ್ರು ಯಾರೋ ಬ್ಯಾಂಕ್ ಮ್ಯಾನೇಜರ್ ಇದ್ದಂಗ ಕಾಣ್ತಾರ್ರಿ" ಎಂದರು. ಅವನು ಹೋದ ಮೇಲೆ ನಾವಿಬ್ಬರೂ ನಕ್ಕಿದ್ದು ಅದೇ ಮೊದಲು. ಬೋರಲು ಹಾಸಿದೆವು. ಬ್ಲೌಸಿನ ಅಳತೆಗೆ ಇಟ್ಟುಕೊಳ್ಳುವ ರಟ್ಟಿನಲ್ಲಿ ಆರು ಮೂಲೆಯ ಅಚ್ಚು ಕತ್ತರಿಸಿ ತಂದಿದ್ದೆ. ಮನೆಗಳನ್ನು ಬರೆದೆವು, ವೈನಿ ಎತ್ತಿಟ್ಟಿದ್ದ ಥರ್ಮಾಕೋಲಿನ ಕೋಟೆ ತಂದಿಟ್ಟೆವು. ಹೊಳೆ ಎಲ್ಲಿ ತಿರುಗುತ್ತಿತ್ತೋ ತಿಳಿಯದೆ ನಾನು ಪೆನ್ನು ಹಿಡಿದು ಕೂತಿದ್ದಾಗ ವೈನಿ ಬೆರಳಿಟ್ಟು ತೋರಿಸಿದರು.

"ನಿಮಗ್ಹ್ಯಾಂಗ ಗೊತ್ತು?"

"ದಿನಾ ಧೂಳ ಝಾಡಸಾಕಿ ಯಾರು? ಒಂದ್ ಸಿಪಾಯಿ ಅಲುಗಿದ್ರ ನಿಮ್ಮಣ್ಣ ಊಟ ಬಿಡ್ತಿದ್ರು. ಕೋಳಿಪುಕ್ಕ ಹಿಡ್ಕೊಂಡು ಒಬ್ಬೊಬ್ಬಂದು ಸುತ್ತ ಝಾಡಸ್ತಿದ್ದೆ."

ಅವನ ಸವಾರರು ಹೊಳೆಯ ಈಚೆ ಇದ್ದರು ಎಂದು ವೈನಿ. ಆಚೆ ಎಂದು ನಾನು. ಜಗಳವೇ ಆಯಿತು. ಕೊನೆಗೆ ಅವರು ಹೇಳಿದ್ದೇ ಇರಲಿ ಎಂದೆ. ಆದರೆ ಯಾರನ್ನೂ ನಿಲ್ಲಿಸಲಿಲ್ಲ. ಬೂದು ಲಪ್ಪದ ಒಬ್ಬನನ್ನು ಕೈಯಲ್ಲಿ ಹಿಡಿದೆನಷ್ಟೇ, ಬತ್ತಲೆ ಮಂದೀನ ಲಡಾಯಿಗೆ ಕಳಸ್ತಿಯೇನ್ ಎಂಬ ಅಣ್ಣನ ಮಾತು ಕೇಳಿಸಿತು. ಯಾರ ಜಾಗ ಎಲ್ಲೆಂದು ಮನೆಗಳ ಮೇಲೆ ಚುಕ್ಕೆ ಇಟ್ಟು ಬಿಟ್ಟೆವು.

ಅಂದಿನಿಂದ ಪ್ರತಿ ಭಾನುವಾರ ಹೋಗಿ ಬಣ್ಣ ಹಚ್ಚುತ್ತಿದ್ದೇನೆ. ಸೀರೆಯ ಮೇಲೆ ಹೂ ಬರೆಯುವ ಕೈ ಇಷ್ಟು ಸಣ್ಣ ಮುಖಕ್ಕೆ ಬಗ್ಗುವುದಿಲ್ಲ. ಮೊದಲನೆಯವನಿಗೆ ಮೆಳ್ಳೆಗಣ್ಣಾಯಿತು. "ಇದು ಅವರ ಕೈ ಅಲ್ಲ" ಎಂದರು ವೈನಿ. ಅಲ್ಲ ಎಂದೆ. ಆದರೂ ಆ ಸಿಪಾಯಿಯನ್ನು ಅವನ ಚುಕ್ಕೆಯ ಮೇಲೆ ನಿಲ್ಲಿಸಿದೆವು.

ಮೊನ್ನೆ ಭಾನುವಾರ ಮಂಠಾಳದಿಂದ ಅತ್ತೆ ಬಂದಿದ್ದರು. ಶೇಂಗಾ ಚಟ್ನಿಯ ಡಬ್ಬಿ ಕೆಳಗಿಟ್ಟು ನಮ್ಮ ಪಕ್ಕದಲ್ಲಿ ಕೂತರು. ಬಹಳ ಹೊತ್ತು ನೋಡಿದರು. ನಾನು ಬಣ್ಣ ಒಣಗಿದ ಪ್ಯಾದೆಯನ್ನು ತೆಗೆದುಕೊಂಡು ಕಾಲಿಗೆ ಮಣ್ಣು ಬಳಿಯತೊಡಗಿದೆ.

"ಯವ್ವಾ, ಮತ್ತ ಮಣ್ಣ ಯಾಕ ಹಚ್ಚಾಕತ್ತಿ?"

"ಅಣ್ಣ ಹಚ್ತಿದ್ನಲ್ರಿ."

ಅತ್ತೆ ನನ್ನ ಮುಖ ನೋಡಿದರು, ಆಮೇಲೆ ಪ್ಯಾದೆಯ ಕಾಲು. "ಅದು... ಅವನೇ ಹಚ್ಚಿದ್ದೇನ್?"

"ಹೌದ್ರಿ."

ಅವರ ಕೈಗಳು ಮಡಿಲಿನಲ್ಲಿ ಒಂದನ್ನೊಂದು ಹಿಡಿದುಕೊಂಡವು. ಆಮೇಲೆ ಅವರು ಕೈ ಚಾಚಿದರು. "ನನಗೂ ಒಂದು ಕೊಡವ್ವಾ. ನಾ ತೊಳದೀನಿ, ನಾನೇ ಹಚ್ತೀನಿ."

"ಬ್ಯಾಡ್ರಿ ಅತ್ತಿ" ಎಂದೆ.

ವೈನಿ ನನ್ನನ್ನು ನೋಡಿದರು. ಅತ್ತೆ ಪ್ರೀತಿಯಿಂದಲೇ ತೊಳೆದದ್ದೆಂದು ನನಗೆ ಗೊತ್ತು. ಕೈ ಸೋಲುವ ತನಕ ತಿಕ್ಕಿದ್ದೂ ಗೊತ್ತು. ಗೊತ್ತಿದ್ದರೂ ಕೊಡಲಿಲ್ಲ. ಅತ್ತೆ ಎದ್ದು ಹೋಗಲಿಲ್ಲ. ಕತ್ತಲಾಗುವ ಮುಂಚೆ ನಾನು ಬಸ್ಸಿಗೆ ಹೊರಟಾಗಲೂ ಅಲ್ಲೇ ಕೂತಿದ್ದರು.

ಈಗ ಉಳಿದಿರುವುದು ಆನೆ ಒಂದೇ. ಅದಕ್ಕೆ ಬಣ್ಣವಾದರೆ ಫೌಜು ಪೂರ್ತಿ ಮೈದಾನಕ್ಕೆ ಇಳಿಯುತ್ತದೆ. ಪಾಳಿ ಅಣ್ಣನದು. ದಾಳ ವೈನಿ ಎಸೆಯುತ್ತಾರೆ, ಹೇಗೆಂದು ಕೇಳಿ ಕಲಿತಿದ್ದಾರೆ. ಬಾಗಿಲು ಮುರಿದರೆ ಮುರಿಯಲಿ. ಆದರೆ ನಾನು ಸುಮ್ಮನೆ ಬಿಟ್ಟುಕೊಡುವುದಿಲ್ಲ. ಒಳಗೆ ನನ್ನ ಕೆಂಪುಮಣ್ಣಿನ ಕಾಲಿನವರು ಇನ್ನೂ ನಿಂತಿದ್ದಾರೆ.